ಗಣಿತದ ಮೇಡಂ ಕಾಪಿ ಹೊಡೆದದ್ದು

ಮೂವತ್ತೊಂದು ವರ್ಷ ಪರೀಕ್ಷೆಯ ಕೊಠಡಿಗಳಲ್ಲಿ ಬೆಂಚುಗಳ ನಡುವೆ ಓಡಾಡಿದವರು ಗಣಿತದ ಮೇಡಂ. ಕಾಪಿ ಹೊಡೆಯುವವರನ್ನು ಹಿಡಿಯುವುದರಲ್ಲಿ ಆ ಕಾಲೇಜಿನಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ತೋಳಿನ ಮಡಿಕೆಯಲ್ಲಿಟ್ಟ ಚೀಟಿ, ಶೂ ಒಳಗಿನ ಚೀಟಿ, ಅಳತೆಪಟ್ಟಿಯ ಹಿಂದೆ ಪೆನ್ಸಿಲಿನಲ್ಲಿ ಗೀಚಿದ ಸೂತ್ರ, ಯಾವುದೂ ಅವರ ಕಣ್ಣು ತಪ್ಪಿಸಿದ್ದಿಲ್ಲ. ಹುಡುಗರು ಬೆನ್ನ ಹಿಂದೆ ಅವರಿಗೆ ‘ಹದ್ದು’ ಎಂದು ಹೆಸರಿಟ್ಟಿದ್ದರು. ಆ ಹೆಸರು ಒಮ್ಮೆ ಕಿವಿಗೆ ಬಿದ್ದಾಗ ಮೇಡಂ ಮೇಲ್ನೋಟಕ್ಕೆ ಸಿಡುಕಿದರೂ ಒಳಗೊಳಗೇ ಖುಷಿಪಟ್ಟಿದ್ದರು.

ಅಂಥ ಹದ್ದು ಒಂದು ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ, ಕಂಪ್ಯೂಟರ್ ಕೋಣೆಯ ಎರಡನೆಯ ಸಾಲಿನಲ್ಲಿ ಕೂತು, ಪಕ್ಕದವನ ಕಾಗದ ನೋಡಿ ಬರೆದುಬಿಟ್ಟಿತು.

ಆದದ್ದು ಹೀಗೆ. ರಜೆ ಮುಗಿಯಲು ಇನ್ನೊಂದು ವಾರವಿತ್ತು. ಅಷ್ಟರಲ್ಲಿ ಎಲ್ಲ ತರಗತಿಗಳಲ್ಲೂ ಹಳೆಯ ಕರಿಹಲಗೆಯ ಪಕ್ಕ ಹೊಸ ಸ್ಮಾರ್ಟ್ ಬೋರ್ಡ್ ಬಂದು ಕೂತಿತ್ತು. ಅಗಲವಾದ ಬಿಳಿ ಪರದೆ. ಬೆರಳಿಟ್ಟರೆ ಬರೆಯುತ್ತದೆ, ಅಂಗೈ ಸವರಿದರೆ ಅಳಿಸುತ್ತದೆ, ಒಂದು ಕಡೆ ಒತ್ತಿದರೆ ಚಿತ್ರ, ಇನ್ನೊಂದು ಕಡೆ ಒತ್ತಿದರೆ ಹುಡುಗರಿಗೆ ಪ್ರಶ್ನೆಪತ್ರಿಕೆ. ಅಧ್ಯಾಪಕರಿಗೆಲ್ಲ ಆರು ದಿನದ ತರಬೇತಿ. ಪ್ರಿನ್ಸಿಪಾಲರು ಮೊದಲ ದಿನವೇ ಬಾಗಿಲಲ್ಲಿ ನಿಂತು ಹೇಳಿದ್ದರು: “ಶನಿವಾರ ಎಲ್ಲರೂ ಹದಿನೈದು ನಿಮಿಷ ಪಾಠ ಮಾಡಿ ತೋರಿಸಬೇಕು. ಆಗದೇ ಇದ್ದವರಿಗೆ ಈ ವರ್ಷ ಕ್ಲಾಸ್ ಇಲ್ಲ, ಪರೀಕ್ಷಾ ವಿಭಾಗದಲ್ಲಿ ಕೆಲಸ. ನನ್ನ ಕೈಯಲ್ಲಿ ಏನೂ ಇಲ್ಲ, ಮೇಲಿನವರ ಆದೇಶ.”

ಪರೀಕ್ಷಾ ವಿಭಾಗವೆಂದರೆ ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆ. ಉತ್ತರಪತ್ರಿಕೆಗಳ ಕಟ್ಟು, ದಾರ, ಅರಗು, ಧೂಳು. ಮೇಡಮ್ಮಿಗೆ ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಆ ಎರಡು ವರ್ಷವೂ ಬೆಳಿಗ್ಗೆ ಎಂಟರ ಮೊದಲ ವರ್ಷದ ಕ್ಲಾಸು ತಮಗೇ ಬೇಕೆಂಬುದು ಅವರ ಆಸೆ. ಗಣಿತವೆಂದರೆ ದೆವ್ವ ಕಂಡವರಂತೆ ಬೆವರುತ್ತ ಬರುವ ಮಕ್ಕಳು ಮೂರನೆಯ ತಿಂಗಳಿಗೆ “ಮೇಡಂ, ಇನ್ನೊಂದು ಕೊಡಿ” ಎನ್ನುತ್ತಾರಲ್ಲ, ಆ ಒಂದು ಮಾತಿಗಾಗಿ ಅವರು ಇಷ್ಟು ವರ್ಷ ಮುಂಜಾನೆಯ ಬಸ್ಸು ಹಿಡಿದಿದ್ದರು. ಅದು ಕೈ ತಪ್ಪಿದರೆ ಉಳಿದ ನೌಕರಿ ಉಪ್ಪಿಲ್ಲದ ಊಟ.

ತರಬೇತಿ ಕೊಡಲು ಬಂದವಳು ಮೂವತ್ತು ದಾಟದ ಹುಡುಗಿ. ದೊಡ್ಡ ಚೀಲ, ಸಣ್ಣ ದನಿ. ಬಂದವಳೇ ಎಲ್ಲರಿಗೂ ಒಂದೊಂದು ಫಾರಂ ಹಂಚಿದಳು. “ಇದು ಪರೀಕ್ಷೆ ಅಲ್ಲ. ನಿಮಗೆ ಹೇಗೆ ಕಲಿಯೋದು ಸುಲಭ ಅಂತ ತಿಳ್ಕೊಳ್ಳೋಕೆ, ಅಷ್ಟೇ” ಎಂದಳು. ಯಾರಾದರೂ ‘ಇದು ಪರೀಕ್ಷೆ ಅಲ್ಲ’ ಎಂದರೆ ಅದು ಖಂಡಿತ ಪರೀಕ್ಷೆಯೇ ಎಂಬುದು ಮೇಷ್ಟ್ರುಗಳಿಗೆ ಗೊತ್ತು. ಆ ಮಾತನ್ನು ತಾವೇ ಎಷ್ಟು ಸಲ ಹೇಳಿಲ್ಲ.

ಮೊದಲನೆಯ ಪ್ರಶ್ನೆ, ವಯಸ್ಸು. ಮೇಡಂ ಐವತ್ತೆಂಟು ಎಂದು ಬರೆದರು. ಎರಡನೆಯದು, ಎಷ್ಟು ವರ್ಷದಿಂದ ಪಾಠ ಮಾಡುತ್ತಿದ್ದೀರಿ. ಅದೂ ಸರಿ. ಮೂರನೆಯದರಲ್ಲಿ ಪೆನ್ನು ನಿಂತಿತು. ಹೊಸದನ್ನು ಹೇಗೆ ಕಲಿಯಲು ಇಷ್ಟ: ಯಾರಾದರೂ ಪಕ್ಕದಲ್ಲಿ ಕೂತು ತೋರಿಸಬೇಕೋ, ಗುಂಪಿನಲ್ಲಿ ಮಾತಾಡುತ್ತ ಕಲಿಯುತ್ತೀರೋ, ನಿಮ್ಮಷ್ಟಕ್ಕೆ ನೀವೇ ವಿಡಿಯೋ ನೋಡಿ ಕಲಿಯುತ್ತೀರೋ? ಯಾಕೆ ಎಂಬುದನ್ನು ಎರಡು ಸಾಲಿನಲ್ಲಿ ಬರೆಯಿರಿ.

ಮೇಲೆ ಐವತ್ತೆಂಟು, ಕೆಳಗೆ ‘ಪಕ್ಕದಲ್ಲಿ ಕೂತು ತೋರಿಸಬೇಕು’. ಎರಡನ್ನೂ ಸೇರಿಸಿ ಓದಿದರೆ ‘ಮುದುಕಿ, ಕೈ ಹಿಡಿದು ನಡೆಸಿ’ ಎಂದು ಬರೆದಂತೆಯೇ ಆಯಿತು ಎಂದು ಮೇಡಮ್ಮಿಗೆ ಅನ್ನಿಸಿತು. ಮೆಟ್ಟಿಲ ಕೆಳಗಿನ ಕೋಣೆ ಕಣ್ಣ ಮುಂದೆ ಬಂತು. ಕಣ್ಣು ತಾನಾಗಿ ಎಡಕ್ಕೆ ಹೊರಳಿತು.

ಎಡಕ್ಕೆ ಕೂತವನು ಫಿಸಿಕ್ಸಿನ ಹೊಸ ಮೇಷ್ಟ್ರು. ಇಪ್ಪತ್ತೆಂಟು ವಯಸ್ಸು, ಕೆಲಸಕ್ಕೆ ಸೇರಿ ಒಂದು ವರ್ಷ. ಯೋಚಿಸದೆ ಸರಸರನೆ ಬರೆಯುತ್ತಿದ್ದ. ವಿಡಿಯೋಗೆ ಗುರುತು ಹಾಕಿದ್ದ. ಮೇಡಂ ಹಾಕಿದರು. ಅವನು ಎರಡು ಸಾಲು ಬರೆದ. ಮೇಡಂ ಬರೆದರು. ಕಾಗದ ಕೈಬಿಟ್ಟು ಹುಡುಗಿಯ ಚೀಲ ಸೇರಿದ ಮೇಲಷ್ಟೇ ತಾವು ಬರೆದದ್ದು ಏನೆಂಬುದು ಅವರ ತಲೆಗೆ ಹತ್ತಿದ್ದು: ‘ನನಗೆ ನನ್ನದೇ ವೇಗ ಇಷ್ಟ. ಬೆಳಿಗ್ಗೆ ಓಡಲು ಹೋದಾಗ ಕಿವಿಗೆ ಹಾಕಿಕೊಂಡು ಕೇಳುತ್ತಿರುತ್ತೇನೆ.’

ಹಿಂದೊಮ್ಮೆ ಒಬ್ಬ ಹುಡುಗ ಪಕ್ಕದವನ ರೋಲ್ ನಂಬರನ್ನೂ ಸೇರಿಸಿ ಕಾಪಿ ಹೊಡೆದಿದ್ದ. ಆ ಕಥೆಯನ್ನು ಮೇಡಂ ಸ್ಟಾಫ್ ರೂಮಿನಲ್ಲಿ ಹದಿನೈದು ವರ್ಷ ಹೇಳಿ ನಗಿಸಿದ್ದರು.

ಚಹಾ ಆದ ಮೇಲೆ ಗುಂಪು ಮಾಡಿದರು. ವಿಡಿಯೋ ಗುಂಪಿನಲ್ಲಿ ಆರು ಜನ. ಮೇಡಮ್ಮನ್ನು ಬಿಟ್ಟರೆ ಉಳಿದವರೆಲ್ಲ ಮೂವತ್ತೈದರ ಒಳಗಿನವರು. ಪಕ್ಕದಲ್ಲಿ ಕೂತು ಕಲಿಯುವ ಗುಂಪು ದೊಡ್ಡ ಮೇಜಿನ ಸುತ್ತ ಸೇರಿ ಆಗಲೇ ಗಲಗಲ ಎನ್ನುತ್ತಿತ್ತು. ಅಲ್ಲಿಂದ ಇತಿಹಾಸದ ಸರ್ ಕತ್ತು ಚಾಚಿದರು. ಅವರಿಗೂ ಮೇಡಮ್ಮಿಗೂ ಒಂದೇ ವರ್ಷ ನಿವೃತ್ತಿ.

“ಏನ್ ಮೇಡಂ, ಯುವಕ ಸಂಘ ಸೇರಿಬಿಟ್ರಾ?”

“ನಿಮ್ಮ ಹಾಗೆ ಮೇಜು ಕಾಯ್ತಾ ಕೂತ್ಕೊಳ್ಳೋಕೆ ಬರಲ್ಲ ಸರ್ ನನಗೆ,” ಎಂದರು ಮೇಡಂ. ದನಿಯಲ್ಲಿ ಬಲವಿರಲಿಲ್ಲ.

ಇಯರ್‌ಫೋನ್ ಕಿವಿಗೆ ಹಾಕಿಕೊಂಡರೆ ಒಳಗೆ ಒಬ್ಬ ಗಂಡಸು ಉಸಿರು ಬಿಡದೆ ಮಾತಾಡುತ್ತಿದ್ದ. ಇಲ್ಲಿ ಒತ್ತಿ, ಅಲ್ಲಿ ಎಳೆಯಿರಿ, ಈಗ ಮೇಲಿನ ಮೂಲೆಗೆ ಬನ್ನಿ. ಮೇಡಂ ಒಂದು ವಾಕ್ಯ ಬರೆದುಕೊಳ್ಳುವಷ್ಟರಲ್ಲಿ ಅವನು ಮೂರು ಮೂಲೆ ದಾಟಿರುತ್ತಿದ್ದ. ನಿಲ್ಲಿಸಿ ಹಿಂದಕ್ಕೆ ಹೋದರೆ ಬೇಕಾದ ಜಾಗ ಸಿಗುತ್ತಿರಲಿಲ್ಲ. ಒಟ್ಟು ನಲವತ್ತಮೂರು ವಿಡಿಯೋ. ಮಂಗಳವಾರ ಸಂಜೆಗೆ ನೋಟ್‌ಬುಕ್ಕಿನಲ್ಲಿ ಇಪ್ಪತ್ತೆಂಟು ಪುಟ ತುಂಬಿತ್ತು, ತಲೆಯಲ್ಲಿ ಒಂದು ಸಾಲೂ ಇರಲಿಲ್ಲ.

ಬುಧವಾರ ಮಧ್ಯಾಹ್ನ ಹುಡುಗಿ ಒಬ್ಬೊಬ್ಬರನ್ನೇ ಬೋರ್ಡಿಗೆ ಕರೆದಳು. “ಒಂದು ಸರಳರೇಖೆ ಎಳೀರಿ ಮೇಡಂ, ಸಾಕು.” ಮೇಡಂ ಬೆರಳಿಟ್ಟರು. ಗಡಿಯಾರ ಬಂತು. ಅದನ್ನು ತೆಗೆಯಲು ಹೋದರು, ಪರದೆ ಪೂರ್ತಿ ಹಳದಿಯಾಯಿತು. ಇನ್ನೊಂದು ಕಡೆ ಮುಟ್ಟಿದರು, ಹಳದಿಯ ಮೇಲೆ ಎರಡನೆಯ ಗಡಿಯಾರ ಬಂತು. ಹಿಂದೆ ಕೂತ ಹುಡುಗ ಮೇಷ್ಟ್ರುಗಳು ಯಾರೂ ನಗಲಿಲ್ಲ. ಎಲ್ಲರೂ ಮರ್ಯಾದೆಯಿಂದ ತಲೆ ತಗ್ಗಿಸಿ ತಂತಮ್ಮ ಫೋನು ನೋಡಿಕೊಂಡರು. ನಕ್ಕಿದ್ದರೇ ಎಷ್ಟೋ ಚೆನ್ನಾಗಿತ್ತು.

ಸಂಜೆ ಮನೆಗೆ ಬಂದವರು ಚೀಲವನ್ನೂ ಇಳಿಸದೆ ಮುಂದಿನ ಕೋಣೆಯ ಸ್ಟೂಲಿನ ಮೇಲೆ ಕೂತರು. ಮೇಡಮ್ಮಿನ ಗಂಡ ಹೊಲಿಗೆ ಯಂತ್ರ ರಿಪೇರಿ ಮಾಡುವವರು. ಆ ಕೋಣೆಯೇ ಅವರ ಅಂಗಡಿ. ಒಂದು ಯಂತ್ರವನ್ನು ಮಗುಚಿ ಹಾಕಿಕೊಂಡು ಎಣ್ಣೆ ಬಿಡುತ್ತಿದ್ದರು.

“ಏನೇ, ಮುಖ ಯಾಕೆ ಹೀಗಿದೆ?”

“ನನ್ನ ಕ್ಲಾಸ್ ಹೋಯ್ತು ರೀ. ಶನಿವಾರ ಹೋಗೋದು ಇವತ್ತೇ ಹೋಯ್ತು.”

ಒಂದೊಂದಾಗಿ ಎಲ್ಲ ಬಾಯಿಬಿಟ್ಟರು. ಫಾರಮ್ಮಿನಲ್ಲಿ ಏನು ಬರೆದೆ ಎಂಬುದಕ್ಕೆ ಬಂದಾಗ ಗಂಡ ಎಣ್ಣೆ ಡಬ್ಬಿ ಕೆಳಗಿಟ್ಟರು.

“ಓಡೋದಾ? ನೀನಾ?”

“ಹೂಂ.”

“ಎದುರಿಗೆ ಬಸ್ ಹೊರಟು ನಿಂತ್ರೂ ‘ಹೋಗ್ಲಿ ಬಿಡಿ, ಇನ್ನೊಂದು ಬರುತ್ತೆ’ ಅನ್ನೋಳು ನೀನು.” ಅವರು ನಗು ತಡೆಯಲಾರದೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮೇಡಮ್ಮಿಗೂ ಮೊದಲು ಸಿಟ್ಟು, ಆಮೇಲೆ ನಗು, ಕೊನೆಗೆ ಅಳು ಬಂತು.

ಗಂಡ ಒಂದು ಲೋಟ ನೀರು ತಂದುಕೊಟ್ಟರು. ಆಮೇಲೆ ಮಗುಚಿದ ಯಂತ್ರವನ್ನು ತೋರಿಸಿ ಹೇಳಿದರು: “ನೋಡು, ಇದನ್ನ ತಂದವರು ‘ಎಲ್ಲಾ ಸರಿಯಾಗಿದೆ, ಸುಮ್ನೆ ಒಂದ್ಸಲ ನೋಡಿ’ ಅಂದ್ರು. ಮೂರು ಗಂಟೆ ಬಿಚ್ಚಿದೆ. ದಾರ ಎಲ್ಲಿ ತುಂಡಾಗುತ್ತೆ ಅಂತ ಬಂದಾಗಲೇ ಹೇಳಿದ್ರೆ ಐದು ನಿಮಿಷದ ಕೆಲಸ. ನೀನೂ ಆ ಹುಡುಗಿಗೆ ಹೇಳಿಲ್ಲ, ಅವಳು ಏನಂತ ಸರಿ ಮಾಡ್ಬೇಕು?”

“ಮಾನ ಹೋಗುತ್ತೆ ರೀ.”

“ಮಾನ ಹೋದ್ರೆ ಒಂದು ದಿನ. ಕ್ಲಾಸ್ ಹೋದ್ರೆ ಎರಡು ವರ್ಷ. ಗಣಿತದೋಳು ನೀನು, ಲೆಕ್ಕ ಹಾಕು.”

ಗುರುವಾರ ಮೇಡಂ ಅರ್ಧ ಗಂಟೆ ಮೊದಲೇ ಹೋದರು. ಹುಡುಗಿ ಒಬ್ಬಳೇ ಇರುತ್ತಾಳೆ, ಬೇಗ ಹೇಳಿ ಮುಗಿಸಿಬಿಡೋಣ ಎಂಬ ಲೆಕ್ಕ. ಕಂಪ್ಯೂಟರ್ ಕೋಣೆಯ ಬಾಗಿಲಿಗೆ ಬಂದರೆ ಒಳಗೆ ಆಗಲೇ ಮಾತು ನಡೆದಿತ್ತು. ಫಿಸಿಕ್ಸಿನ ಮೇಷ್ಟ್ರು ಕೈಕಟ್ಟಿ ನಿಂತಿದ್ದ, ತಡವಾಗಿ ಬಂದ ವಿದ್ಯಾರ್ಥಿಯ ಹಾಗೆ.

“...ಸುಳ್ಳು ಬರೆದೆ ಮೇಡಂ. ನಂಗೆ ವಿಡಿಯೋ ತಲೆಗೆ ಹತ್ತೋದೇ ಇಲ್ಲ. ಎರಡನೇ ನಿಮಿಷಕ್ಕೆ ನಿದ್ದೆ. ಈ ವಯಸ್ಸಲ್ಲಿ ‘ಪಕ್ಕ ಕೂತು ಹೇಳ್ಕೊಡಿ’ ಅಂದ್ರೆ ಎಲ್ರೂ ಏನಂದ್ಕೋತಾರೆ ಅಂತ...”

ಹುಡುಗಿ ತಂತಿಗಳ ಗಂಟು ಬಿಡಿಸುತ್ತಿದ್ದವಳು ಅದನ್ನು ಬಿಟ್ಟು ಚೀಲದಿಂದ ಎರಡು ಫಾರಂ ತೆಗೆದಳು. “ಸೋಮವಾರ ರಾತ್ರಿಯೇ ನೋಡಿದ್ದೆ ಸರ್. ಎರಡೂ ಅಕ್ಷರಕ್ಕೆ ಅಕ್ಷರ ಒಂದೇ. ಅಲ್ಲಾ, ಓಡೋ ವಿಷಯವನ್ನೂ ಬಿಡದೆ ಗಣಿತದ ಮೇಡಂ ಅವರದ್ದನ್ನ ನೋಡಿ ಬರ್ಕೊಂಡಿದೀರಲ್ಲ ನೀವು.”

ಅವನು ಬೆಪ್ಪಾಗಿ ಎರಡೂ ಕಾಗದ ನೋಡಿದ. ಹಾಗೇ ತಲೆಯೆತ್ತಿದಾಗ ಬಾಗಿಲಲ್ಲಿ ನಿಂತ ಗಣಿತದ ಮೇಡಂ ಕಂಡರು. ಒಂದು ಕ್ಷಣ ಯೋಚಿಸಿ, “ಹೌದು ಮೇಡಂ,” ಎಂದುಬಿಟ್ಟ, “ನಾನೇ ಕಾಪಿ ಹೊಡೆದೆ.”

ಮೂವತ್ತೊಂದು ವರ್ಷದಲ್ಲಿ ಮಾಡದ ತಪ್ಪನ್ನು ‘ಮಾಡಿಲ್ಲ’ ಎಂದವರನ್ನೂ ಮಾಡಿದ ತಪ್ಪನ್ನು ‘ಮಾಡಿಲ್ಲ’ ಎಂದವರನ್ನೂ ಮೇಡಂ ಕಂಡಿದ್ದರು. ಮಾಡದ ತಪ್ಪನ್ನು ‘ಮಾಡಿದೆ’ ಎಂದವನು ಇವನೇ ಮೊದಲು. ಅವರು ಒಳಗೆ ಬಂದರು.

“ಸುಮ್ನಿರಪ್ಪ. ನೋಡಮ್ಮ, ಕಾಪಿ ಹೊಡೆದದ್ದು ನಾನು. ನಾನು ಓಡೋದೂ ಇಲ್ಲ, ವಿಡಿಯೋ ನನಗೆ ಹಿಡಿಸೋದೂ ಇಲ್ಲ. ಐವತ್ತೆಂಟು ಅಂತ ಬರೆದ ಮೇಲೆ ಕೈ ತಪ್ಪು ದಾರಿ ಹಿಡೀತು.” ಹೇಳಿ ಮುಗಿಸಿ ಹತ್ತಿರದ ಕುರ್ಚಿಯಲ್ಲಿ ಕೂತರು. ಕೂತ ಮೇಲೆ ಫಿಸಿಕ್ಸಿನವನ ಕಡೆ ತಿರುಗಿದರು. “ನೀನಾದ್ರೂ ನಿಜವಾಗಿ ಓಡ್ತೀಯೇನಪ್ಪ?”

“ಶೂ ತಗೊಂಡು ಎಂಟು ತಿಂಗಳಾಯ್ತು ಮೇಡಂ. ಇನ್ನೂ ಡಬ್ಬದಲ್ಲೇ ಇದೆ.”

ಮೊದಲು ನಕ್ಕವಳು ಹುಡುಗಿ. ಆಮೇಲೆ ಮೂವರೂ. ಎದೆಯ ಮೇಲೆ ಕೂತಿದ್ದ ಗುಂಡುಕಲ್ಲು ಇಷ್ಟು ಸುಲಭವಾಗಿ ಉರುಳುತ್ತದೆಂದು ಗೊತ್ತಿದ್ದರೆ ಮೇಡಂ ಮಂಗಳವಾರವೇ ಹೇಳಿರುತ್ತಿದ್ದರು.

“ಅನುಮಾನ ಬಂದಿದ್ರೆ ನೀನಾದ್ರೂ ಕೇಳ್ಬಾರದಿತ್ತೇನಮ್ಮ?” ಎಂದರು.

“ನಿಮ್ಮನ್ನ ನಾನು ಹೇಗೆ ಕೇಳ್ಲಿ ಮೇಡಂ? ನಾನು ಹುಟ್ಟೋಕೆ ಮುಂಚಿನಿಂದ ಪಾಠ ಮಾಡ್ತಿರೋರಿಗೆ ನಾನು ಕಲಿಸ್ಬೇಕು. ಪ್ರತಿ ಸೋಮವಾರ ಹೊಸ ಕಾಲೇಜಿನ ಬಾಗಿಲಲ್ಲಿ ಹಿಂದಕ್ಕೆ ಹೋಗಿಬಿಡ್ಲಾ ಅನ್ಸುತ್ತೆ.” ಹುಡುಗಿ ಫಾರಂ ಎರಡನ್ನೂ ಮಡಿಸಿದಳು. “ತಪ್ಪು ಈ ಕಾಗದದ್ದೂ ಇದೆ. ಮೊದಲೇ ವಯಸ್ಸು ಕೇಳ್ತೀವಿ. ಅದನ್ನ ಬರೆದ ಕೂಡ್ಲೇ ಕೆಲವರು ಆ ವಯಸ್ಸಿನವರ ಹಾಗೆ ಉತ್ತರ ಬರೀತಾರೆ, ಕೆಲವರು ನನಗೇನೂ ಅಷ್ಟು ವಯಸ್ಸಾಗಿಲ್ಲ ಅಂತ ಬರೀತಾರೆ. ಕಲಿಯೋದು ಹೇಗೆ ಅಂತ ಬರೆಯೋರೇ ಕಮ್ಮಿ. ಅದಿರ್ಲಿ, ನಿಮ್ಮನೆಗೆ ಬಟ್ಟೆ ಒಗೆಯೋ ಮೆಷಿನ್ ಬಂದಾಗ ಏನ್ ಮಾಡಿದ್ರಿ ಹೇಳಿ.”

“ಏನ್ ಮಾಡೋದು? ನಮ್ಮೋರು ಒಂದೊಂದೇ ಗುಂಡಿ ಒತ್ತಿ ನೋಡಿದ್ರು. ನಾನು ಒಂದು, ಎರಡು, ಮೂರು ಅಂತ ಬರೆದು ಗೋಡೆಗೆ ಅಂಟಿಸಿದೆ. ಆಮೇಲೆ ಅವರಿಗೇ ಹೇಳ್ಕೊಟ್ಟೆ, ಅವರು ಮರೆತುಬಿಟ್ಟಿದ್ರು.”

“ಹಾಗಾದ್ರೆ ನೀವು ಕಲಿಯೋದು ಬರೆದು, ಇನ್ನೊಬ್ಬರಿಗೆ ಹೇಳಿಕೊಟ್ಟು. ಇದಕ್ಕೆ ನನ್ನ ಫಾರಮ್ಮಲ್ಲಿ ಜಾಗನೇ ಇಲ್ಲ. ಸರ್, ನೀವು?”

ಫಿಸಿಕ್ಸಿನವನು ತಲೆ ಕೆರೆದುಕೊಂಡ. “ಯಾರಾದ್ರೂ ‘ಯಾಕೆ, ಯಾಕೆ’ ಅಂತ ಜೀವ ತಿಂತಿದ್ರೆ ನಂಗೆ ಬೇಗ ಬರುತ್ತೆ ಮೇಡಂ.”

“ಅದಕ್ಕೆ ನನ್ನಷ್ಟು ಒಳ್ಳೆಯವರು ನಿನಗೆ ಸಿಗಲ್ಲ ಬಿಡು,” ಎಂದರು ಗಣಿತದ ಮೇಡಂ.

ಹುಡುಗಿ ಇಬ್ಬರಿಗೂ ಮೂಲೆಯ ತರಗತಿಯ ಕೀಲಿ ಕೊಟ್ಟಳು. ಬೆಳಿಗ್ಗೆ ಪೂರ್ತಿ ಅವನು ಬೋರ್ಡಿನ ಮುಂದೆ, ಮೇಡಂ ಪಕ್ಕದ ಕರಿಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು. ಅವನು ಒಂದು ಕಡೆ ಒತ್ತುತ್ತಿದ್ದ. “ಯಾಕೆ ಅಲ್ಲೇ ಒತ್ತಿದೆ?” ಎನ್ನುತ್ತಿದ್ದರು. ಗೊತ್ತಿಲ್ಲದಿದ್ದರೆ ಅವನು ಓಡಿಹೋಗಿ ಹುಡುಗಿಯನ್ನು ಕೇಳಿ ಬರುತ್ತಿದ್ದ. ಕಾರಣ ಸಿಕ್ಕ ಮೇಲಷ್ಟೇ ಮೇಡಂ ಆ ಹೆಜ್ಜೆಗೆ ಒಂದು ಅಂಕಿ ಹಾಕಿ ಬರೆಯುತ್ತಿದ್ದರು, ಪ್ರಮೇಯ ಸಾಧಿಸುವಾಗ ಬರೆಯುವ ಹಾಗೆ. ಊಟದ ಹೊತ್ತಿಗೆ ಆರು ಹೆಜ್ಜೆ, ಸಂಜೆಗೆ ಹದಿನಾಲ್ಕು. ನಲವತ್ತಮೂರು ವಿಡಿಯೋದಲ್ಲಿ ಇದ್ದದ್ದು ಅಷ್ಟೇ.

ಶುಕ್ರವಾರ ಅದಲುಬದಲು. ಮೇಡಂ ಬೋರ್ಡಿನ ಮುಂದೆ ನಿಂತು ಪಾಠ ಹೇಳುವುದು, ಅವನು ಮೊದಲ ಬೆಂಚಿನ ದಡ್ಡ ಹುಡುಗ. ಆ ಪಾತ್ರವನ್ನು ಅವನು ಅಗತ್ಯಕ್ಕಿಂತ ಚೆನ್ನಾಗಿಯೇ ಮಾಡಿದ. “ಅರ್ಥ ಆಗ್ಲಿಲ್ಲ ಮೇಡಂ.” “ಇನ್ನೊಂದ್ಸಲ ಮೇಡಂ.” ಐದನೆಯ ಸಲಕ್ಕೆ ಮೇಡಂ “ನಿಮ್ಮ ತಂದೇನ ಕರ್ಕೊಂಡ್ ಬಾ” ಎಂದರು. ಅಷ್ಟರಲ್ಲಿ ಬೆರಳಿಗೆ ದಾರಿ ಗೊತ್ತಾಗಿತ್ತು.

ಮಧ್ಯಾಹ್ನ ಇತಿಹಾಸದ ಸರ್ ಬಾಗಿಲಲ್ಲಿ ಇಣುಕಿದರು. ಮುಖದಲ್ಲಿ ಮೊದಲ ದಿನದ ಕಳೆ ಇರಲಿಲ್ಲ.

“ನನ್ನೂ ಸೇರಿಸ್ಕೊಳ್ಳಿ. ನಮ್ಮ ಗುಂಪಲ್ಲಿ ಎಲ್ಲಾ ಒಳ್ಳೆಯವರು ಮೇಡಂ, ಅದೇ ತೊಂದರೆ. ನಾನು ಕೈ ಚಾಚೋಕೆ ಮುಂಚೆ ‘ಬಿಡಿ ಸರ್, ನಾವು ಒತ್ತೀವಿ’ ಅಂತಾರೆ. ನಾಲ್ಕು ದಿನದಿಂದ ಬೆರಳು ಒಂದು ಸಲನೂ ಅದಕ್ಕೆ ತಾಗಿಲ್ಲ.”

“ಬನ್ನಿ. ಇಲ್ಲಿ ಒಳ್ಳೆಯವರು ಯಾರೂ ಇಲ್ಲ,” ಎಂದರು ಮೇಡಂ.

ಶನಿವಾರ ಹನ್ನೊಂದಕ್ಕೆ ಮೇಡಮ್ಮಿನ ಸರದಿ. ಮುಂದಿನ ಬೆಂಚುಗಳಲ್ಲಿ ರಜೆಯಲ್ಲೂ ಇದಕ್ಕೆಂದೇ ಕರೆಸಿದ್ದ ಇಪ್ಪತ್ತು ವಿದ್ಯಾರ್ಥಿಗಳು, ಕೊನೆಯ ಬೆಂಚಿನಲ್ಲಿ ಪ್ರಿನ್ಸಿಪಾಲರು, ಅವರ ಪಕ್ಕ ತರಬೇತಿಯ ಹುಡುಗಿ. ಮೇಡಂ ಒಳಗೆ ಬಂದವರೇ ಕರಿಹಲಗೆಯ ಬಲಕ್ಕೆ ಹದಿನಾಲ್ಕು ಹೆಜ್ಜೆಗಳನ್ನೂ ದುಂಡಗೆ ಬರೆದರು.

ಪ್ರಿನ್ಸಿಪಾಲರ ಪೆನ್ನು ನಿಂತಿತು. “ಹೀಗೆ ಬರ್ಕೊಂಡು ಮಾಡಬಹುದು ಅಂತ ಇದೆಯೇನಮ್ಮ?”

“ಬರ್ಕೋಬಾರದು ಅಂತ ಎಲ್ಲೂ ಇಲ್ಲ ಸರ್,” ಎಂದಳು ಹುಡುಗಿ.

ಪಾಠ ಶುರುವಾಯಿತು. ಬೋರ್ಡು ಎದ್ದಿತು, ಚೌಕಳಿ ಬಂತು, ಅದರ ಮೇಲೆ ಬಿಲ್ಲಿನಂಥ ಒಂದು ವಕ್ರರೇಖೆ. ಸಮೀಕರಣದಲ್ಲಿ ಒಂದು ಅಂಕಿ ಬದಲಾಯಿಸಿದರೆ ಬಿಲ್ಲು ಅಗಲವಾಗಬೇಕು. ಮೇಡಂ ಮಾತಿನ ಭರದಲ್ಲಿ ಮುಂದಕ್ಕೆ ಹೋಗಿ ಒತ್ತಿದರು. ಬಿಲ್ಲು ಅಗಲವಾಗುವ ಬದಲು ಪರದೆಯಿಂದಲೇ ಮಾಯವಾಯಿತು.

ಮೇಡಂ ಒತ್ತಿದ ಬೆರಳನ್ನು ಹಿಂದಕ್ಕೆ ತೆಗೆದರು. ಮೆಟ್ಟಿಲ ಕೆಳಗಿನ ಕೋಣೆಯ ಧೂಳು ಮೂಗಿಗೇ ಬಂದಂತಾಯಿತು. ಹಿಂದೆ ಕಿಟಕಿಯ ಹೊರಗೆ ಫಿಸಿಕ್ಸಿನವನ ಮುಖ, ಅದರ ಪಕ್ಕ ಇತಿಹಾಸದ ಸರ್ ಮುಖ, ಎರಡೂ ಸಪ್ಪಗಾಗಿದ್ದವು.

ಲೆಕ್ಕ ಮಧ್ಯದಲ್ಲಿ ತಪ್ಪಿದಾಗ ಕರಿಹಲಗೆಯ ಮುಂದೆ ಏನು ಮಾಡುತ್ತಿದ್ದರೋ ಅದನ್ನೇ ಮಾಡಲು ಅವರಿಗೆ ಆಮೇಲೆ ತೋಚಿತು. ಮಕ್ಕಳ ಕಡೆ ತಿರುಗಿದರು.

“ನಾನು ಎಲ್ಲಿ ತಪ್ಪಿದೆ? ಯಾರು ಹೇಳ್ತೀರಿ?”

ಮೊದಲ ಬೆಂಚಿನ ಒಬ್ಬಳು ಕರಿಹಲಗೆಯ ಮೇಲೆ ಕಣ್ಣೋಡಿಸಿ ಕೈಯೆತ್ತಿದಳು. “ಒಂಬತ್ತು ಬಿಟ್ರಿ ಮೇಡಂ. ಎಂಟಾದ ಮೇಲೆ ಹತ್ತಕ್ಕೆ ಹೋದ್ರಿ.”

“ಒಂಬತ್ತರಲ್ಲಿ ಏನಿದೆ?”

“ರೇಖೆಯನ್ನ ಮೊದಲು ಮುಟ್ಟಿ ಆರಿಸಬೇಕು ಅಂತಿದೆ.”

“ಯಾಕೆ?”

“ಇಲ್ದಿದ್ರೆ ಯಾವುದನ್ನ ಬದಲಾಯಿಸ್ಬೇಕು ಅಂತ ಅದಕ್ಕೆ ಗೊತ್ತಾಗಲ್ಲ ಮೇಡಂ.”

“ಜಾಣೆ, ಕೂತ್ಕೋ.”

ಮೇಡಂ ಎಂಟಕ್ಕೆ ಹಿಂದಿರುಗಿದರು, ಒಂಬತ್ತು ಒತ್ತಿದರು, ಹತ್ತಕ್ಕೆ ಬಂದರು. ಬಿಲ್ಲು ಬಂದು ಮೆಲ್ಲಗೆ ಅಗಲವಾಯಿತು. ವಿದ್ಯಾರ್ಥಿಗಳೆಲ್ಲ ಅಂಕಿ ಕೂಗಿ ಕೂಗಿ ಅದನ್ನು ಅಗಲ ಮಾಡಿಸಿದರು, ಕಿರಿದು ಮಾಡಿಸಿದರು, ತಲೆಕೆಳಗು ಮಾಡಿಸಿದರು. ಹದಿನೈದು ನಿಮಿಷ ಮುಗಿದರೂ ಯಾರೂ ಏಳಲಿಲ್ಲ. ಕೊನೆಗೆ ಪ್ರಿನ್ಸಿಪಾಲರೇ ಸಾಕು ಎಂದು ಎಬ್ಬಿಸಬೇಕಾಯಿತು.

ಮಧ್ಯಾಹ್ನ ಅವರು ಮೇಡಮ್ಮನ್ನು ಕೋಣೆಗೆ ಕರೆಸಿದರು. ಮೇಜಿನ ಮೇಲೆ ಹೊಸ ವೇಳಾಪಟ್ಟಿ. ಮೇಡಂ ನಿಂತೇ ಇದ್ದರು.

“ಕೂತ್ಕೊಳ್ಳಿ ಮೇಡಂ. ಬೆಳಿಗ್ಗೆ ಎಂಟು, ಮೊದಲ ವರ್ಷ. ನಿಮ್ಮದೇ.”

“ಬೋರ್ಡಲ್ಲಿ ತಪ್ಪಾಯ್ತಲ್ಲ ಸರ್?”

“ತಪ್ಪಾಗಿದ್ದು ಬರೆದಿದೀನಿ, ಸರಿ ಮಾಡಿದ್ದೂ ಬರೆದಿದೀನಿ.” ಪ್ರಿನ್ಸಿಪಾಲರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ನಿಜ ಹೇಳ್ಲಾ? ಆ ಎಂಟರ ಕ್ಲಾಸಿಗೆ ಮೂರು ಜನರನ್ನ ಕೇಳಿದ್ದೆ. ಮೂರೂ ಜನ ಬೇಡ ಅಂದ್ರು. ನಿಮಗೆ ಇವತ್ತು ಆಗದೇ ಇದ್ದಿದ್ರೆ ನಾನೇ ಹೋಗ್ಬೇಕಿತ್ತು. ನನ್ನ ಗಣಿತ ಎಂಥದ್ದು ಅಂತ ನಿಮಗೆ ಗೊತ್ತಲ್ಲ.”

“ಗೊತ್ತು ಸರ್,” ಎಂದರು ಮೇಡಂ, ಮರ್ಯಾದೆಗೆ ಒಂದು ಗಳಿಗೆ ತಡೆದು.

ಹೊರಗೆ ಫಿಸಿಕ್ಸಿನವನೂ ಇತಿಹಾಸದ ಸರ್ ಕೂಡ ಕಾಯುತ್ತಿದ್ದರು. ಅವರಿಬ್ಬರ ಪಾಠವೂ ಪಾಸಾಗಿತ್ತು, ಇತಿಹಾಸದ ಸರ್ ಹದಿನೈದು ನಿಮಿಷದಲ್ಲಿ ಎರಡು ಸಾಮ್ರಾಜ್ಯ ಮುಳುಗಿಸಿದ್ದರಂತೆ. ತರಬೇತಿಯ ಹುಡುಗಿ ಚೀಲ ಹೆಗಲಿಗೇರಿಸಿ ಬಂದಳು. “ಮುಂದಿನ ಕಾಲೇಜಿಗೆ ಹೋಗೋ ಮುಂಚೆ ಫಾರಂ ಬದಲಾಯಿಸ್ತೀನಿ ಮೇಡಂ. ವಯಸ್ಸು ಕೊನೆಗೆ ಕೇಳ್ತೀನಿ.”

“ಕೇಳಲೇಬೇಕಾ?”

“ಆಫೀಸಿನವರು ಬಿಡಲ್ಲ.”

“ಹಾಗಾದ್ರೆ ಕೊನೆಗೇ ಕೇಳು ತಾಯಿ.”

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮೇಡಂ ವೇಳಾಪಟ್ಟಿಯನ್ನು ಒಮ್ಮೆ ಬಿಡಿಸಿ ನೋಡಿದರು, ಮಡಿಸಿದರು, ಮತ್ತೆ ಬಿಡಿಸಿದರು. ಎಂಟು ಗಂಟೆ, ಮೊದಲ ವರ್ಷ, ಅದರ ಮುಂದೆ ತಮ್ಮ ಹೆಸರು. ತಲೆ ಕಿಟಕಿಗೆ ಒರಗಿದ್ದು ಅವರಿಗೆ ಗೊತ್ತಾಗಲಿಲ್ಲ.

ಫೋನು ಹೊಡೆದುಕೊಂಡಾಗ ಎಚ್ಚರವಾಯಿತು. ಆ ಕಡೆ ಗಂಡ.

“ಏನೇ, ಎಲ್ಲಿದ್ದೀಯ? ನಿನ್ನ ಬಸ್ಸು ಆಗಲೇ ಮನೆ ದಾಟಿ ಹೋಯ್ತಲ್ಲ.”

ಮೇಡಂ ಹೊರಗೆ ನೋಡಿದರು. “ಎರಡು ಸ್ಟಾಪ್ ಮುಂದೆ ಬಂದ್ಬಿಟ್ಟಿದೀನಿ ರೀ. ಇಳಿದು ಬರ್ತೀನಿ.”

“ಯಾಕೆ, ಏನಾಯ್ತು?”

“ನಿದ್ದೆ ಬಂದ್ಬಿಡ್ತು. ಸೋಮವಾರದಿಂದ ಸರಿಯಾಗಿ ಬಂದೇ ಇರ್ಲಿಲ್ಲ.”

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

“ಕ್ಲಾಸ್ ಉಳೀತು ಅನ್ನು.”

“ಉಳೀತು ರೀ.”

“ಸರಿ, ನಿಧಾನವಾಗಿ ಬಾ,” ಎಂದರು ಅವರು. ಮೇಡಂ ನಿಧಾನವಾಗಿಯೇ ಹೋದರು.